ಮೊದಲ ಬೆಂಚಿನ ಎರಡು ತಲೆಗಳು

ಮೇ 13, ಮಂಗಳವಾರ

ಹದಿಮೂರನೇ ತಾರೀಕು ಮಂಗಳವಾರ ಬಿದ್ದರೆ ಮದುವೆಯ ಮಾತನ್ನೇ ಎತ್ತಬಾರದು ಎಂದು ನನ್ನಮ್ಮ ಹೇಳುತ್ತಿದ್ದಳು. ನನ್ನ ಮಗಳು ಮಾರ್ಲೆನಿ ಎತ್ತಿದಳು. ಅದೂ ನಾನು ಬೇಯಿಸಿದ ಬಾಳೆಕಾಯಿಯನ್ನು ಕಿವುಚುತ್ತಿದ್ದಾಗ. ಎರಡೂ ಕೈ ಪಾತ್ರೆಯಲ್ಲಿ, ತಪ್ಪಿಸಿಕೊಳ್ಳಲು ದಾರಿಯಿಲ್ಲ.

"ಅಮ್ಮಾ, ಚರ್ಚಲ್ಲಿ ಯಾರು ಎಲ್ಲಿ ಕೂರ್ತೀರಿ ಅಂತ ಫಾದರ್ ಕೇಳ್ತಿದಾರೆ."

ಇದರಲ್ಲಿ ಕೇಳುವುದೇನಿದೆ? ನಮ್ಮ ಮೋಕಾ ಊರಿನಲ್ಲಿ ಮದುಮಗಳ ಅಪ್ಪ ಅವಳ ಕೈ ಹಿಡಿದು ಬರುತ್ತಾನೆ, ಆಮೇಲೆ ಮದುಮಗನ ತಾಯಿಯ ಜೊತೆ ಮುಂದೆ ನಿಂತು ಸಾಕ್ಷಿಯಾಗುತ್ತಾನೆ. ಹೆತ್ತು ಹೊತ್ತ ತಾಯಿಗೆ ಮೊದಲ ಬೆಂಚು. ಕೂತು ಅಳುವುದಷ್ಟೇ ಅವಳ ಕೆಲಸ.

"ನಾನು ಮೊದಲ್ನೇ ಬೆಂಚು" ಎಂದೆ.

"ಹೂಂ. ನೀನು, ಮತ್ತೆ... ಅಪ್ಪನ ಜೊತೆ ಬರೋರು."

ಬಾಳೆಕಾಯಿ ಕೈಯಿಂದ ಜಾರಿತು. ಅಪ್ಪನ ಜೊತೆ ಬರುವವಳ ಹೆಸರನ್ನು ನಾನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಫೌಸ್ತೊ ನನ್ನನ್ನು ಬಿಟ್ಟು ಅವಳ ಮನೆಗೆ ಹೋಗಿ ಮೂರು ವರ್ಷವಾಯಿತು. ಇಷ್ಟು ದಿನ ಬರೆಯದವಳು ಈಗೇಕೆ ಶುರು ಮಾಡಲಿ?

"ಅವ್ರನ್ನ ಹಿಂದೆ ಎಲ್ಲೋ ಕೂರಿಸಿದ್ರೆ ಅಪ್ಪ ಬರೋದೇ ಇಲ್ವಂತೆ" ಎಂದಳು ಮಾರ್ಲೆನಿ. "ಅಮ್ಮಾ, ಕೇಳು. ನಾನು ಒಳಗೆ ಬರೋವಾಗ ನೀವಿಬ್ರೂ ಮುಖ ಊದಿಸ್ಕೊಂಡು ಕೂತಿದ್ರೆ, ಅರ್ಧ ದಾರೀಲೇ ತಿರುಗಿ ಹೋಗ್ಬಿಡ್ತೀನಿ. ನಿನ್ನಾಣೆ."

ಹೋಗುವವಳೇ. ಹಟದಲ್ಲಿ ನನ್ನ ಮಗಳು.

ಈಗ ಹಾಸಿಗೆಯ ಮೇಲೆ ಕೂತು ಯೋಚಿಸಿದರೆ ಇನ್ನೊಂದು ಹೊಳೆಯುತ್ತಿದೆ. ಮೊದಲ ಬೆಂಚಿನಲ್ಲಿ ಕೂತವರ ಮುಖ ಕಾಣುವುದು ಫಾದರಿಗೆ ಮಾತ್ರ. ಇಡೀ ಊರಿಗೆ ಪೂಜೆ ಮುಗಿಯುವ ತನಕ ಕಾಣುವುದು ನಮ್ಮಿಬ್ಬರ ಹಿಂದಲೆ. ಅಕ್ಕಪಕ್ಕ, ತಕ್ಕಡಿಯಲ್ಲಿಟ್ಟ ಹಾಗೆ. ಒಂದು ಕಡೆ ಅವಳ ಹೊಳೆಯುವ ತಲೆ, ಇನ್ನೊಂದು ಕಡೆ ಬೂದಿ ಮೆತ್ತಿದಂತಿರುವ ನನ್ನದು. ಆಮೇಲೆ ಒಬ್ಬೊಬ್ಬರೂ ಬಂದು ನನ್ನ ಕೈ ಹಿಡಿದು "ಪಾಪ" ಎನ್ನುತ್ತಾರೆ. ಮೂರು ವರ್ಷದಿಂದ ಈ ಊರಿನಲ್ಲಿ ನನ್ನ ಹೆಸರು ಆರ್ಸೇನಿಯಾ ಅಲ್ಲ, ಪಾಪ.

ಮಗಳ ಮದುವೆಯ ದಿನ ಆ ಮಾತು ಕೇಳಲಾರೆ. ಏನಾದರೂ ಮಾಡಬೇಕು.

ಮೇ 15, ಗುರುವಾರ

ಸೊಬೇದಾಳ ಪಾರ್ಲರ್‌ನಲ್ಲಿ ಗುರುವಾರ ನನ್ನ ದಿನ, ಶುಕ್ರವಾರ ಅವಳ ದಿನ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಫೌಸ್ತೊ ಮನೆ ಬದಲಾಯಿಸಿದ ವಾರವೇ ಸೊಬೇದಾ ನಮ್ಮ ದಿನಗಳನ್ನೂ ಬದಲಾಯಿಸಿಬಿಟ್ಟಳು. ಊರಲ್ಲಿ ಹೀಗೆ ಬೇರೆ ಬೇರೆ ದಿನ ಬರುವ ಹೆಂಗಸರು ಎಷ್ಟು ಮಂದಿಯೋ. ಅತ್ತೆ ಸೊಸೆಯರಂತೂ ಲೆಕ್ಕವಿಲ್ಲ. ಒಬ್ಬಳ ತಲೆಯ ಗುಟ್ಟನ್ನು ಇನ್ನೊಬ್ಬಳಿಗೆ ಹೇಳುವವಳಲ್ಲ ಸೊಬೇದಾ.

ಕೂದಲು ತೊಳೆಸಿ, ನೇರವಾಗಿ ಒಣಗಲೆಂದು ರೋಲರ್ ಸುತ್ತಿಸಿಕೊಳ್ಳುತ್ತಾ ವಿಷಯ ತೆಗೆದೆ. ಹೈಲೈಟ್ಸ್ ಬೇಕು, ಅಲ್ಲಲ್ಲಿ ಕೆಲವು ಎಳೆಗಳಿಗೆ ಮಾತ್ರ ಬಣ್ಣ, ಆದರೆ ಕಂಡೂ ಕಾಣದ ಹಾಗೆ.

"‘ಬಣ್ಣ ಹಾಕಿಸ್ಕೊಂಡ್ಳು’ ಅನ್ಬಾರ್ದು ಕಣೇ. ‘ಆರ್ಸೇನಿಯಾ ಈಚೆಗೆ ಚೆನ್ನಾಗಿ ನಿದ್ದೆ ಮಾಡ್ತಿದಾಳೆ’ ಅನ್ಬೇಕು."

ಸೊಬೇದಾ ಬಾಯಲ್ಲಿದ್ದ ಪಿನ್ನು ತೆಗೆದು ನಕ್ಕಳು. "ಅಕ್ಕಾ, ತಲೆ ಪೂರ್ತಿ ಬಣ್ಣ ಬಳಿಯೋದು ಗೋಡೆಗೆ ಸುಣ್ಣ ಬಳಿದಂಗೆ, ಯಾರು ಬೇಕಾದ್ರೂ ಬಳೀತಾರೆ. ಕಾಣದಂಗೆ ಮಾಡೋದಕ್ಕೇ ಇಡೀ ದಿನ ಹಿಡಿಯೋದು. ಯಾರಿಗೆ ತೋರಿಸ್ಬೇಕು ಇದನ್ನ?"

"ಯಾರಿಗೂ ಇಲ್ಲ."

"ಹಾಗಾದ್ರೆ ಯಾಕೆ ಮಾಡಿಸ್ತೀರಾ?"

ಅವಳು ಬಣ್ಣದ ಎಳೆಗಳನ್ನು ಅಂಟಿಸಿದ ರಟ್ಟನ್ನು ಮಡಿಲಿಗೆ ಹಾಕಿದಳು. ಮರಳು, ಹಾಲು ಹಾಕಿದ ಕಾಫಿ, ಜೇನು, ದಾಲ್ಚಿನ್ನಿ, ಇನ್ನೂ ಏನೇನೋ. ನೋಡುತ್ತಿದ್ದರೆ ಹಸಿವಾಗುತ್ತದೆ. ಮನೆಗೆ ಒಯ್ದು ನಿಧಾನವಾಗಿ ನೋಡಿ ಎಂದಳು. ಬ್ಯಾಗಿನಲ್ಲಿ ಹಾಕಿಕೊಂಡು, ತಲೆ ತುಂಬಾ ರೋಲರ್ ಹೊತ್ತು ತರಕಾರಿ ತೆಗೆದುಕೊಂಡು ಬಂದೆ.

ಮೇ 18, ಭಾನುವಾರ

ಮರಳು ಬೇಡ. ಕನ್ನಡಿಯ ಮುಂದೆ ಹಿಡಿದು ನೋಡಿದೆ, ಜ್ವರದಿಂದ ಎದ್ದವಳ ಹಾಗೆ ಕಾಣುತ್ತೇನೆ.

ಮೇ 25, ಭಾನುವಾರ, ತಾಯಂದಿರ ದಿನ

ಮಾರ್ಲೆನಿ ಹೂವು ತಂದಳು, ಜೊತೆಗೆ ದೊಡ್ಡದೊಂದು ಡಬ್ಬ. ಡಬ್ಬದಲ್ಲಿ ಕೇಕು. ನಡುವೆ ಅನಾನಸ್ ಪಾಕ, ಮೇಲೆ ಬಿಳಿ ನೊರೆಯ ಅಲೆ ಅಲೆ.

"ಯಾವ ಅಂಗಡಿದು?"

"ಅಂಗಡಿದಲ್ಲ. ಮನೇಲಿ ಮಾಡಿದ್ದು."

"ಯಾರ ಮನೇಲಿ?"

ಹುಡುಗಿ ಕಿಟಕಿಯ ಹೊರಗೆ ನೋಡತೊಡಗಿದಳು. ಅರ್ಥವಾಯಿತು. ಏನು ಧೈರ್ಯ ಸವತಿಗೆ! ಗಂಡನನ್ನು ಕರೆದುಕೊಂಡು ಕೇಕು ಕಳಿಸಿದ್ದಾಳೆ. ಒಳ್ಳೆ ವ್ಯಾಪಾರ.

ಮುಟ್ಟಲಿಲ್ಲ. ಮಾರ್ಲೆನಿ ಹೋದ ಮೇಲೆ ಒಂದು ತುಂಡು ತಿಂದೆ, ವಿಷಗಿಷ ಹಾಕಿದ್ದಾಳಾ ನೋಡೋಣ ಎಂದು. ಎರಡನೆಯದನ್ನು ಖಾತ್ರಿ ಮಾಡಿಕೊಳ್ಳಲು ತಿಂದೆ. ಉಳಿದದ್ದನ್ನು ಪಕ್ಕದ ಮನೆಗೆ ಕೊಡಬೇಕೆಂದು ಎತ್ತಿಟ್ಟಿದ್ದೇನೆ.

ಮೇ 26, ಸೋಮವಾರ

ಪಕ್ಕದ ಮನೆಗೆ ಕೊಡುವಷ್ಟು ಉಳಿದಿಲ್ಲ.

ಜೂನ್ 3, ಮಂಗಳವಾರ

ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಕ್ರೂಸಿತಾ ಅಜ್ಜಿ ಬಿಪಿ ಮಾತ್ರೆಗೆ ಬಂದಿದ್ದಳು. ಊರಿನ ಬಾಯಿ ಅವಳು. ಮಾತ್ರೆ ಕೊಟ್ಟ ಕೈಯನ್ನು ಬಿಡದೆ ಹಿಡಿದುಕೊಂಡಳು.

"ಅವಳ ಪಕ್ಕದಲ್ಲೇ ಕೂರ್ಬೇಕಂತೆ ಅಲ್ವೇನೇ? ಅಯ್ಯೋ ಪಾಪ. ಹೆಂಗ್ ತಡ್ಕೋತೀಯೋ ಮಗಳೇ. ನಾನಾಗಿದ್ರೆ ನೆಲ ಬಾಯ್ಬಿಡ್ಲಿ ಅಂತಿದ್ದೆ."

"ಬೆಂಚು ಗಟ್ಟಿಯಾಗಿದೆ ಅಜ್ಜಿ. ಇಬ್ರ ಭಾರ ತಡೆಯುತ್ತೆ" ಎಂದೆ. ನಗುನಗುತ್ತಲೇ ಹೇಳಿದೆ. ಅವಳು ಹೋದ ಮೇಲೆ ಒಳಕೋಣೆಗೆ ಹೋಗಿ ಪೆಟ್ಟಿಗೆಗಳ ನಡುವೆ ನಿಂತು ಅತ್ತೆ. ಅಳು ನಿಂತ ಮೇಲೆ ಬ್ಯಾಗಿನಿಂದ ರಟ್ಟು ತೆಗೆದು ಬಾಗಿಲ ಬೆಳಕಿಗೆ ಹಿಡಿದೆ.

ಜೇನು. ತೀರ್ಮಾನವಾಯಿತು. ಬಿಸಿಲಿಗೆ ಬಂದರೆ ಮಾತ್ರ ಕಾಣುತ್ತದೆ, ನೆರಳಲ್ಲಿ ಮುಚ್ಚಿಕೊಳ್ಳುತ್ತದೆ. ಸೊಬೇದಾಗೆ ಫೋನು ಮಾಡಿ, ಜೇನಿನ ಟ್ಯೂಬು ನನಗೊಬ್ಬಳಿಗೇ ಎತ್ತಿಡಬೇಕು, ಬೇರೆ ಯಾರ ತಲೆಗೂ ಹಚ್ಚಬಾರದು ಎಂದು ಹೇಳಿದೆ.

"ಬೇರೆ ಯಾರ ತಲೆಗೆ?" ಎಂದಳು.

"ಯಾರದಾದ್ರೂ ಸರಿ."

"ಶುಕ್ರವಾರದೋರು ಜೇನು ಕೇಳಿಲ್ಲ, ಸಮಾಧಾನವಾಗಿ ನಿದ್ದೆ ಮಾಡಿ." ಅಷ್ಟು ಮಾತ್ರ ಹೇಳಿದಳು. ಹಾಗಾದರೆ ಶುಕ್ರವಾರದವಳೂ ಏನೋ ಕೇಳಿದ್ದಾಳೆ! ನಿದ್ದೆ ಬರುವುದಾದರೂ ಹೇಗೆ?

ಜೂನ್ 12, ಗುರುವಾರ

ಮದುವೆ ಶನಿವಾರ. ಇವತ್ತು ನನ್ನ ತಲೆಗೆ ಮುಹೂರ್ತ. ಬೆಳಿಗ್ಗೆಯಿಂದ ಕರೆಂಟಿಲ್ಲ. ನಮ್ಮ ಬೀದಿಯ ಕಂಬದಲ್ಲಿ ರಿಪೇರಿಯಂತೆ. ಪಾರ್ಲರಿನ ಇನ್ವರ್ಟರ್ ಮಧ್ಯಾಹ್ನಕ್ಕೇ ಉಸಿರು ಬಿಟ್ಟಿತು. ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಂಬವನ್ನು ನೋಡುತ್ತಾ ಸಂಜೆಯವರೆಗೆ ಕೂತೆ.

"ನಾಳೆ ಇಡೀ ದಿನ ಕರೆಂಟ್ ಇರುತ್ತಂತೆ" ಎಂದಳು ಸೊಬೇದಾ, ನನ್ನ ಮುಖ ನೋಡದೆ. "ಬೆಳಿಗ್ಗೇನೇ ಬಂದ್ಬಿಡಿ ಅಕ್ಕಾ."

ನಾಳೆ ಶುಕ್ರವಾರ. ಆ ಇನ್ನೊಬ್ಬಳ ದಿನ. ಆದರೂ ಹೂಂ ಎಂದೆ.

ಜೂನ್ 13, ಶುಕ್ರವಾರ

ಬೆರಳಲ್ಲಿ ಇನ್ನೂ ಬ್ಲೀಚಿನ ವಾಸನೆ ಇದೆ. ಆದರೂ ಬರೆದೇ ಮಲಗುತ್ತೇನೆ.

ಪಾರ್ಲರಿಗೆ ಹೋದಾಗ ಶುಕ್ರವಾರದವಳು ಆಗಲೇ ಕುರ್ಚಿಯಲ್ಲಿದ್ದಳು. ತಲೆ ತುಂಬಾ, ಬಣ್ಣ ಹಿಡಿಯಲೆಂದು ಮೊದಲು ಬ್ಲೀಚ್ ಹಚ್ಚಿ ಸುತ್ತಿದ ಬೆಳ್ಳಿ ಕಾಗದದ ಮಡಿಕೆ. ನನ್ನನ್ನು ಕನ್ನಡಿಯಲ್ಲಿ ಕಂಡವಳೇ ಎದ್ದು ನಿಂತಳು, ಟೀಚರ್ ಬಂದ ಹಾಗೆ. ನಾನು ಹೊಸ್ತಿಲಲ್ಲೇ ನಿಂತೆ. ಸೊಬೇದಾ ಕೈಯಲ್ಲಿ ಬ್ರಷ್ ಹಿಡಿದು ನಮ್ಮ ನಡುವೆ ಬಂದಳು.

"ನೋಡಿ, ದೇವ್ರಾಣೆಗೂ ನಂಗೆ ಬೇರೆ ಗತಿ ಇರ್ಲಿಲ್ಲ. ಜಗಳ ಆಡೋದಿದ್ರೆ ಮದುವೆ ಮುಗಿಸ್ಕೊಂಡು ಸೋಮವಾರ ಬನ್ನಿ, ನಾನೇ ಜಾಗ ಮಾಡಿಕೊಡ್ತೀನಿ. ಇವತ್ತು ಮಾತ್ರ ಯಾರೂ ತಲೆ ಅಲ್ಲಾಡಿಸ್ಬೇಡಿ. ಬ್ಲೀಚ್ ಸೋರುತ್ತೆ."

ಕೂತೆ. ಮಗಳ ಮುಖ ನೆನೆದು ಕೂತೆ. ಬೇರೆ ಯಾರ ಮದುವೆಯಾಗಿದ್ದರೂ ಬೂದಿ ತಲೆಯಲ್ಲೇ ಚರ್ಚಿಗೆ ಹೋಗುತ್ತಿದ್ದೆ. ನನ್ನ ತಲೆಗೂ ಮಡಿಕೆಗಳು ಏರಿದವು. ಇಬ್ಬರೂ ನಮ್ಮ ನಮ್ಮ ಕನ್ನಡಿಯನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಆದರೆ ಓರೆಗಣ್ಣು ಸುಮ್ಮನಿರುತ್ತದೆಯೇ? ಅವಳ ಬೈತಲೆಯ ಬುಡದಲ್ಲಿ ಒಂದು ಬೆರಳಗಲ ಬಿಳುಪು. ನನ್ನದಕ್ಕಿಂತ ಹೆಚ್ಚು! ಹಾಲು ಕುಡಿದಷ್ಟು ಸಂತೋಷವಾಯಿತು.

ಆಗ ಕರೆಂಟ್ ಹೋಯಿತು.

ಬೀದಿಯುದ್ದಕ್ಕೂ "ಹೋಯ್ತೂ!" ಎಂಬ ಕೂಗು. ಸೊಬೇದಾ ನಲ್ಲಿ ತಿರುಗಿಸಿದಳು. ಎರಡು ಹನಿ ಬಿದ್ದು ನಿಂತಿತು. ಪಂಪಿಗೆ ಕರೆಂಟಿಲ್ಲ, ಮಹಡಿಯ ಟ್ಯಾಂಕು ನಿನ್ನೆಯೇ ಬರಿದಾಗಿದೆ. ಇವತ್ತು ಬೆಳಿಗ್ಗೆ ದೀಪ ಹತ್ತಿದ ಕೂಡಲೇ ಈ ಮಹಾತಾಯಿ ಸಂತೋಷಕ್ಕೆ ಬ್ಲೀಚ್ ಕಲಸಿದ್ದಾಳೆ, ಬಕೆಟ್ ತುಂಬಿಸುವುದನ್ನು ಮರೆತಿದ್ದಾಳೆ. ನಮ್ಮೂರಲ್ಲಿ ಎಲ್ಲರೂ ಮಾಡುವ ತಪ್ಪೇ. ಹೊಸ ಹೊಸದಾಗಿ ಕರೆಂಟ್ ಬಂದಾಗ ಅದು ಇನ್ನು ಹೋಗುವುದೇ ಇಲ್ಲ ಎಂದುಕೊಳ್ಳುತ್ತೇವೆ.

"ಈಗ್ಲೇ ತೊಳೀದೆ ಇದ್ರೆ?" ಎಂದೆ. ನೆತ್ತಿ ಚುರುಗುಟ್ಟಲು ಶುರುವಾಗಿತ್ತು.

"ತೊಳೀದೆ ಇದ್ರೆ ಕೂದ್ಲು ಬಾಚಣಿಗೆ ಜೊತೆ ಬರುತ್ತೆ" ಎಂದಳು ಸೊಬೇದಾ. ಅಳುವುದೊಂದು ಬಾಕಿ.

ಪಕ್ಕದ ಕುರ್ಚಿ ಸರಿದ ಸದ್ದಾಯಿತು. ನೋಡುವಷ್ಟರಲ್ಲಿ ಅವಳು ಹೊರಗೆ ಓಡಿದ್ದಳು. ಹೆಗಲ ಮೇಲೆ ಪ್ಲಾಸ್ಟಿಕ್ ಹೊದಿಕೆ, ತಲೆ ತುಂಬಾ ಬೆಳ್ಳಿ ಕಾಗದ, ಕಾಲಲ್ಲಿ ಪಾರ್ಲರಿನ ಹವಾಯಿ ಚಪ್ಪಲಿ. ರೋಲರ್ ಹಾಕಿಕೊಂಡು ನಾವು ಬ್ಯಾಂಕಿಗೂ ಹೋಗುತ್ತೇವೆ, ಅದು ಬೇರೆ. ಬ್ಲೀಚ್ ಮೆತ್ತಿದ ತಲೆಯಲ್ಲಿ ಬೀದಿಗಿಳಿದವಳನ್ನು ನಾನು ಕಂಡಿರಲಿಲ್ಲ. ಎದುರಿನ ಮೂಲೆ ಅಂಗಡಿಯ ಮುಂದೆ ಗಂಡಸರು ಡಾಮಿನೊ ಆಡುತ್ತಿದ್ದರು. ಎಲ್ಲರೂ ಬಾಯಿ ಕಳೆದುಕೊಂಡು ನೋಡಿದರು. ಒಬ್ಬ ಮಾತ್ರ ತಲೆ ಎತ್ತಲಿಲ್ಲ, ಬಿಲ್ಲೆಗಳನ್ನೇ ನೋಡುತ್ತಿದ್ದ. ಫೌಸ್ತೊ. ಅವಳು ಅವನ ಬೆನ್ನು ಸವರಿಕೊಂಡೇ ಒಳಗೆ ಹೋಗಿ, ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಹೆಗಲ ಮೇಲೆ ಹೊತ್ತು ಬಂದಳು. ಹಿಂದೆ ಅಂಗಡಿಯವನು ಇನ್ನೊಂದನ್ನು ತಂದ.

ಸೊಬೇದಾ ಅವಳನ್ನು ತೊಟ್ಟಿಯ ಕಡೆಗೆ ಎಳೆದಳು. "ಬಾ ನೂರ್ಕಾ, ನಿಂದೇ ಮೊದ್ಲು ಹಚ್ಚಿದ್ದು."

"ಬೇಡ, ಮೊದ್ಲು ಇವ್ರಿಗೆ" ಎಂದಳು. ಏದುಸಿರು ಬಿಡುತ್ತಿದ್ದಳು. "ಹುಡುಗಿ ತಾಯಿ ಇವ್ರು. ನನ್ನ ತಲೆ ಹೇಗಿದ್ರೆ ಯಾರಿಗೇನು?"

ನಾನು "ಇಲ್ಲ, ನಿಮ್ದೇ ಆಗ್ಲಿ" ಎನ್ನಬೇಕಿತ್ತು. ಅನ್ನಲಿಲ್ಲ. ಓಡಿಹೋಗಿ ತೊಟ್ಟಿಯಲ್ಲಿ ತಲೆ ಇಟ್ಟೆ. ಚೊಂಬಿನಲ್ಲಿ ನೀರು ಸುರಿದವಳು ಅವಳೇ, ಸೊಬೇದಾ ಉಜ್ಜಿದಳು. ಕಣ್ಣಿಗೆ ಹೋಗಬಾರದೆಂದು ನೀರು ಸುರಿಯುವವಳು ಇನ್ನೊಂದು ಅಂಗೈಯನ್ನು ನನ್ನ ಹಣೆಯ ಮೇಲೆ ಅಡ್ಡ ಹಿಡಿದಿದ್ದಳು. ಮಾರ್ಲೆನಿ ಚಿಕ್ಕವಳಿದ್ದಾಗ ನಾನು ಹಿಡಿಯುತ್ತಿದ್ದ ಹಾಗೆ.

ಅವಳ ಸರದಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಕಾಗದ ಬಿಚ್ಚಿದರೆ ಒಳಗೆಲ್ಲ ಕೋಳಿಮರಿಯ ಹಳದಿ. ಸೊಬೇದಾ ಶಿಲುಬೆ ಗುರುತು ಮಾಡಿಕೊಂಡಳು.

"ಈ ಹಳದಿ ಮುಚ್ಚೋಕೆ ನೀನು ಕೇಳಿದ್ದ ದಾಲ್ಚಿನ್ನಿ ಒಂದೇ ಟ್ಯೂಬ್ ಸಾಲಲ್ಲ ನೂರ್ಕಾ. ಜೇನೂ ಸೇರಿಸಿದ್ರೆ ಆದೀತು. ಆದ್ರೆ..." ನನ್ನ ಕಡೆ ನೋಡಿದಳು. "ಜೇನು ಇರೋದು ಒಂದೇ. ಅದು ಅಕ್ಕಂದು."

ಒಂದು ತಿಂಗಳಿಂದ ನಾನು ಯಾವ ಸಂತನಿಗೆ ಏನೆಂದು ಬೇಡಿಕೊಂಡೆನೋ ಅದು ತಾನಾಗಿಯೇ ಕೈಗೆ ಬಂದಿತ್ತು. ನಾಳೆ ಮೊದಲ ಬೆಂಚಿನಲ್ಲಿ ನನ್ನದು ಜೇನು, ಅವಳದು ಕೋಳಿಮರಿ. ಇಡೀ ಊರು ಅವಳನ್ನು ನೋಡಿ "ಪಾಪ" ಎನ್ನುತ್ತದೆ. ಅವಳು ಒದ್ದೆ ತಲೆ ಬಗ್ಗಿಸಿ ಕೂತಿದ್ದಳು, ಜೇನು ಕೊಡಿ ಎಂದು ಕೇಳಲೂ ಇಲ್ಲ.

"ಎರಡೂ ಒಂದೇ ಬಟ್ಟಲಿಗೆ ಹಾಕಿ ಕಲಸು" ಎಂದೆ. "ಇಬ್ರಿಗೂ ಅದನ್ನೇ ಹಚ್ಚು."

ಯಾಕೆ ಹಾಗೆಂದೆನೋ. ಬೇಗ ಮುಗಿದರೆ ಸಾಕಾಗಿತ್ತು, ಅದಕ್ಕೇ ಇರಬೇಕು.

ಡ್ರೈಯರಿಗೆ ಕರೆಂಟಿಲ್ಲದ ಮೇಲೆ ಏನು ಮಾಡುವುದು? ರೋಲರ್ ಸುತ್ತಿ ನಮ್ಮಿಬ್ಬರನ್ನೂ ಮಹಡಿಯ ಬಿಸಿಲಿಗೆ ಅಟ್ಟಿದಳು, ಒಗೆದ ಬಟ್ಟೆಯ ಹಾಗೆ. ಟವೆಲ್ಲುಗಳ ನಡುವೆ ಎರಡು ಕುರ್ಚಿ.

"ದಾಲ್ಚಿನ್ನಿ ಯಾಕೆ ಕೇಳಿದ್ರಿ?" ಎಂದೆ ಕೊನೆಗೆ. "ಅದು ತೀರಾ ಗಾಢ. ಎದ್ದೇ ಕಾಣಲ್ಲ."

"ಅದಕ್ಕೇ ಕೇಳಿದ್ದು. ತಾಯಿ ಪಕ್ಕ ಕೂತು ಮಿಂಚೋಕೆ ಬಂದ್ಳು ಅನ್ನಲ್ವಾ ಜನ? ಕ್ರೂಸಿತಾ ಅಜ್ಜಿ ನನ್ನ ಕಂಡ್ರೆ ರಸ್ತೆ ದಾಟಿ ಆಚೆಗೆ ಹೋಗಿ ಶಿಲುಬೆ ಮಾಡ್ಕೋತಾಳೆ."

"ನಂಗೆ ಪಾಪ ಅಂತಾಳೆ."

"ನಂಗಿಂತ ನೀವೇ ವಾಸಿ."

"ಏನ್ ವಾಸಿ! ಶಿಲುಬೆ ಎಷ್ಟೋ ಮೇಲು. ಕೈ ಹಿಡ್ಕೊಂಡು ಪೀಡಿಸಲ್ಲ."

ನಕ್ಕಳು. ನಗುವಾಗ ಮೂಗು ಮುದುಡುತ್ತದೆ ನೂರ್ಕಾಗೆ. ಆಮೇಲೆ, ಕೇಕ್ ಹೇಗಿತ್ತು ಎಂದು ಹೆದರುತ್ತಾ ಕೇಳಿದಳು. ಪಕ್ಕದ ಮನೆಯವರು ಹೊಗಳಿದರು ಎಂದೆ.

ಕೆಳಗಿಳಿದು ಕನ್ನಡಿ ನೋಡಿದರೆ ಚೆನ್ನಾಗಿಯೇ ಬಂದಿದೆ. ಕಂಡೂ ಕಾಣದ ಹಾಗೆ. ಬಿಸಿಲಿಗೆ ಹೋದರೆ ಸಣ್ಣಗೆ ಮಿನುಗುತ್ತದೆ. ಒಂದೇ ತೊಂದರೆ, ಅಕ್ಕಪಕ್ಕ ನಿಂತಾಗ ಒಂದೇ ಕತ್ತಾಳೆಯಿಂದ ಹೊಸೆದ ಎರಡು ಹಗ್ಗ. ಬೆಳಗಿನವರೆಗೆ ಕೆಡದಿರಲೆಂದು ಇಬ್ಬರೂ ಕೂದಲನ್ನು ತಲೆಯ ಸುತ್ತ ಸುತ್ತಿ, ಪಿನ್ನು ಹಾಕಿ, ಬಲೆ ಕಟ್ಟಿಕೊಂಡು ನಮ್ಮ ನಮ್ಮ ಮನೆಗೆ ಬಂದೆವು. ನಾಳೆ ಮಳೆ ಮಾತ್ರ ಬಾರದಿರಲಪ್ಪ ದೇವರೇ.

ಜೂನ್ 15, ಭಾನುವಾರ

ಮಳೆ ಬರಲಿಲ್ಲ. ಕಾಲು ಊದಿಕೊಂಡಿವೆ, ಗಂಟಲು ಕಟ್ಟಿದೆ, ಮಗಳ ಮದುವೆಯಾಯಿತು.

ಚರ್ಚಿನಲ್ಲಿ ನಾವಿಬ್ಬರೂ ಮೊದಲ ಬೆಂಚಿನಲ್ಲಿ ಕೂತ ಕೂಡಲೇ ಬೆನ್ನ ಹಿಂದೆ ಗುಸುಗುಸು ಎದ್ದಿತು. ಬೆಂಚಿನಿಂದ ಬೆಂಚಿಗೆ ದಾಟಿ ಬಾಗಿಲವರೆಗೂ ಹೋಯಿತು.

"ಏನಂತಿದಾರೆ?" ಎಂದೆ ತುಟಿ ಅಲ್ಲಾಡಿಸದೆ.

ನೂರ್ಕಾಗೆ ಕಿವಿ ಚುರುಕು. "ಯಾರು ಯಾವಳು ಅಂತ ಕೇಳ್ತಿದಾರೆ."

ಅಷ್ಟೇ ಸಾಕಾಯಿತು. ನಗು ತಡೆದರೆ ಹೊಟ್ಟೆ ನೋಯುತ್ತದೆ, ತಡೆಯದಿದ್ದರೆ ಮರ್ಯಾದೆ ಹೋಗುತ್ತದೆ. ಇಬ್ಬರ ಭುಜವೂ ಕುಲುಕುತ್ತಿದ್ದಾಗಲೇ ಸಂಗೀತ ಶುರುವಾಯಿತು, ಮಾರ್ಲೆನಿ ಅಪ್ಪನ ಕೈ ಹಿಡಿದು ಬಂದಳು. ಅವಳು ಮೊದಲು ನೋಡಿದ್ದು ಮದುಮಗನನ್ನಲ್ಲ, ನಮ್ಮ ಬೆಂಚನ್ನು. ಹೆದರಿದ ಮುಖ. ಅವಳತ್ತ ತಿರುಗಿ ನಿಂತ ನಾವು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿರುವುದನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ ಅವಳ ಮುಖ ಅರಳಿದ್ದನ್ನು ಏನೆಂದು ಬರೆಯಲಿ? ಅಲ್ಲಿಂದ ಮುಂದೆ ನನಗೆ ನಿಜವಾದ ಅಳು. ಕರವಸ್ತ್ರ ಮರೆತಿದ್ದೆ, ನೂರ್ಕಾ ತನ್ನದನ್ನು ಕೊಟ್ಟಳು.

ಊಟದ ಹಾಲಿನಲ್ಲಿ ಇಬ್ಬರೂ ಕೇಕಿನ ಮೇಜಿನ ಮುಂದೆ ನಿಂತು, ಈ ಕೇಕಿನಲ್ಲಿ ಅನಾನಸ್ ಸಾಲದು ಎಂದು ಮಾತಾಡುತ್ತಿದ್ದೆವು. ಫೌಸ್ತೊ ಎಲ್ಲರ ಮುಂದೆ ಗ್ಲಾಸು ಎತ್ತಿ ಎರಡು ಮಾತು ಓದಬೇಕಿತ್ತು. ಹಿಂದಿನಿಂದ ಅವಸರವಾಗಿ ಬಂದು ನನ್ನ ಭುಜದ ಮೇಲೆ ಕೈಯಿಟ್ಟ.

"ನೂರ್ಕಾ, ನನ್ನ ಕನ್ನಡಕ ಎಲ್ಲಿಟ್ಟೆ ಕಣೇ?"

"ಕೋಟಿನ ಒಳಜೇಬು, ಎಡಗಡೆ."

ಹೇಳಿದ್ದು ನಾನು. ಅವಳೂ. ಇಬ್ಬರೂ ಒಟ್ಟಿಗೆ, ಹಿಂತಿರುಗಿಯೂ ನೋಡದೆ.

ತಿರುಗಿದೆವು. ಫೌಸ್ತೊ ಕೈ ಕಿತ್ತುಕೊಂಡ, ಬಿಸಿ ಹಂಚು ಮುಟ್ಟಿದವನ ಹಾಗೆ. ನನ್ನನ್ನು ನೋಡಿದ, ಅವಳನ್ನು ನೋಡಿದ. ಎಡಗಡೆಯ ಒಳಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಇನ್ನೊಂದು ಸಲ ಇಬ್ಬರನ್ನೂ ನೋಡಿದ.

"ನಿಮ್ಮಿಬ್ರ ಕೂದ್ಲು ಮೊದ್ಲಿಂದ್ಲೂ ಹಿಂಗೇ ಇತ್ತಾ?"

ಇವನ ಕಣ್ಣಿಗೆ ಬೀಳಲೆಂದು ನಾನು ಇಪ್ಪತ್ತಾರು ವರ್ಷ ಪ್ರತಿ ವಾರ ರೋಲರ್ ಸುತ್ತಿಸಿಕೊಂಡೆ. ಅವಳೂ ಮೂರು ವರ್ಷದಿಂದ ಸುತ್ತಿಸಿಕೊಳ್ಳುತ್ತಿದ್ದಾಳೆ. ನೂರ್ಕಾ ನನ್ನ ತೋಳು ಹಿಡಿದು ಬಗ್ಗಿ ನಗುತ್ತಿದ್ದಳು, ನನಗೆ ಉಸಿರೇ ಸಿಗುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಕೇಕ್ ತಿನ್ನುತ್ತಿದ್ದ ಕ್ರೂಸಿತಾ ಅಜ್ಜಿ ಚಮಚ ಕೆಳಗಿಟ್ಟು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಯ್ಯೋ ಪಾಪ" ಎಂದಳು. "ಹೆಂಗ್ ತಡ್ಕೋತೀಯೋ ಮಗನೇ."

ಜೂನ್ 18, ಬುಧವಾರ

ಸೊಬೇದಾ ಫೋನು ಮಾಡಿದ್ದಳು. ನಾಳೆ ಹಬ್ಬದ ರಜೆ, ಪಾರ್ಲರ್ ಇಲ್ಲ. ನಿಮ್ಮದನ್ನು ಇವತ್ತಿಗೆ ಹಾಕಲಾ, ಮುಂದಿನ ವಾರಕ್ಕೆ ಹಾಕಲಾ ಎಂದು ಕೇಳಿದಳು.

"ಶುಕ್ರವಾರಕ್ಕೆ ಹಾಕು" ಎಂದೆ.

"ಶುಕ್ರವಾರ ನೂರ್ಕಾ ಬರ್ತಾಳಲ್ಲ ಅಕ್ಕಾ."

"ಗೊತ್ತು ಕಣೇ. ಬರೋವಾಗ ಕೇಕ್ ತರೋಕೆ ಹೇಳು. ಮತ್ತೆ ನೀನು ಬಕೆಟ್ ತುಂಬಿಸಿಡು."